ಅಣ್ಣ ತಂದ ಕಲ್ಲಿನ ಬಣ್ಣ

ಅಣ್ಣನಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ ಎಂದು ನನಗೆ ಗೊತ್ತಾದಾಗ ನಾನು ಮೂರನೆಯ ಇಯತ್ತೆಯಲ್ಲಿದ್ದೆ. ಅವನು ನನಗಿಂತ ನಾಲ್ಕು ವರ್ಷ ದೊಡ್ಡವನು. ನೆಲೋಗಿಯಲ್ಲಿ ನಮ್ಮ ಹೊಲದ ಬದುವಿಗೆ ಅವ್ವ ಮನೆ ಖರ್ಚಿಗೆಂದು ಒಂದಿಷ್ಟು ಮೆಣಸಿನ ಗಿಡ ಹಚ್ಚಿದ್ದಳು. ಹಣ್ಣಾದವನ್ನಷ್ಟೇ ಹರಿದುಕೊಂಡು ಬಾ ಎಂದು ಕಳಿಸಿದರೆ ಅಣ್ಣ ಹಸಿಕಾಯಿ, ಹಣ್ಣು ಎರಡನ್ನೂ ಕೂಡಿಸಿ ಬುಟ್ಟಿ ತುಂಬಿ ತಂದ. ಅಪ್ಪ ಅದನ್ನು ಉಡಾಳತನ ಎಂದುಕೊಂಡು ಹೊಡೆದ. ಅತ್ತು ಮುಗಿದ ಮೇಲೆ ಅಣ್ಣ ನನ್ನನ್ನು ಬಣವೆಯ ಹಿಂದೆ ಕರೆದುಕೊಂಡು ಹೋಗಿ ಅಂಗೈಯಲ್ಲಿ ಎರಡು ಕಾಯಿ ಹಿಡಿದು ತೋರಿಸಿದ.

“ಇದ್ರಾಗ ಹಣ್ಣು ಯಾವುದು ಅಂತ ನಿನಗ ಹ್ಯಾಂಗ ಗೊತ್ತಾಗ್ತದ ಬೇ?”

“ಇದು ಕೆಂಪ ಅದ, ಅದು ಹಸರ ಅದ.”

“ನನಗ ಎರಡೂ ಒಂದೇ ಕಾಣಸ್ತಾವ,” ಅಂದ. ಅಂಗೈ ಮುಚ್ಚಿಕೊಂಡು, “ಯಾರಿಗೂ ಹೇಳಬ್ಯಾಡ,” ಅಂದ.

ನಾನು ಹೇಳಲಿಲ್ಲ. ನಲವತ್ತು ವರ್ಷ ಹೇಳಲಿಲ್ಲ. ಅಂದಿನಿಂದ ಅವನಿಗೆ ಬಣ್ಣ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಂಗಡಿಯಲ್ಲಿ ಅಂಗಿ ಆರಿಸುವಾಗ, ಸಂತೆಯಲ್ಲಿ ಟೊಮೆಟೊ ಕೊಳ್ಳುವಾಗ ಅವನು ನನ್ನ ಮುಖ ನೋಡುತ್ತಿದ್ದ, ನಾನು ಯಾರಿಗೂ ಕೇಳದಂತೆ ಹೇಳುತ್ತಿದ್ದೆ. ದೊಡ್ಡವನಾದ ಮೇಲೆ ಬಸ್ ಓಡಿಸುವ ನೌಕರಿಗೆ ಅರ್ಜಿ ಹಾಕಿದ. ಗಾಡಿ ಓಡಿಸುವುದರಲ್ಲಿ ಅವನನ್ನು ಮೀರಿಸುವವರು ಊರಿನಲ್ಲಿರಲಿಲ್ಲ. ಆದರೆ ಡಾಕ್ಟರು ಬಣ್ಣಬಣ್ಣದ ಚುಕ್ಕಿಗಳ ಪುಸ್ತಕ ತೆಗೆದು, ಇದರಲ್ಲಿ ಯಾವ ಅಂಕಿ ಇದೆ ಎಂದು ಕೇಳಿದಾಗ ಅವನಿಗೆ ಒಂದೂ ಕಾಣಲಿಲ್ಲ. ಮನೆಗೆ ಬಂದು ಎತ್ತರ ಸಾಲಲಿಲ್ಲ ಎಂದು ಹೇಳಿದ. ಆರಡಿಗೆ ಹತ್ತಿರವಿದ್ದ ಮನುಷ್ಯ. ಅಪ್ಪ ಅದನ್ನೂ ನಂಬಿದ.

ಆಮೇಲೆ ಮದುವೆಯಾದ. ಎರಡು ಮಕ್ಕಳಾದ ಮೇಲೆ ವಿಶಾಖಪಟ್ಟಣದ ಆಚೆ ಬೆಟ್ಟದ ಸೀಮೆಯ ಒಂದು ಕಲ್ಲಿನ ಗಣಿಗೆ ಹೋದ. ಬಂಡೆಗೆ ತೂತು ಕೊರೆಯುವ ಯಂತ್ರದ ಕೆಲಸ. ವರ್ಷಕ್ಕೆರಡು ಸಲ ಬರುತ್ತಿದ್ದ. ಹತ್ತು ವರ್ಷ ಹಾಗೆ ದುಡಿದ ಮೇಲೆ ಎದೆಯಲ್ಲಿ ಧೂಳು ತುಂಬಿತು. ಹತ್ತು ಹೆಜ್ಜೆಗೊಮ್ಮೆ ನಿಲ್ಲುವಂತಾಗಿ ಊರಿಗೆ ಬಂದುಬಿಟ್ಟ. ಈಗ ನೆಲೋಗಿ ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಾನೆ. “ಟೈರು ಎಲ್ಲಾ ಕರೀವೇ, ನನಗ ಯಾರನೂ ಕೇಳೂ ಕೆಲಸಿಲ್ಲ,” ಎಂದು ಒಮ್ಮೆ ನನ್ನ ಹತ್ತಿರ ನಕ್ಕಿದ್ದ.

ಗಣಿಯಿಂದ ಬರುವಾಗ ಅವನು ತಂದದ್ದು ಎರಡು ಜೊತೆ ಬಟ್ಟೆ, ಒಂದು ಸ್ಟೀಲ್ ಡಬ್ಬಿ, ಮತ್ತೆ ಈ ಕಲ್ಲು. ಅಲ್ಲಿ ಕೂಲಿಯವರಿಗೆ ಅಡುಗೆ ಮಾಡಿ ಹಾಕುತ್ತಿದ್ದ ಒಬ್ಬ ತೆಲುಗು ಮುದುಕಿ ಕೊಟ್ಟಿದ್ದಂತೆ. ಆಕೆಯ ಗಂಡ ಬದುಕಿದ್ದಾಗ ಮಳೆಗಾಲದಲ್ಲಿ ಹಳ್ಳ ಕೊರೆದ ದಂಡೆಗಳಲ್ಲಿ ಕಲ್ಲು ಹುಡುಕುತ್ತಿದ್ದ. ಅವನಿಗೆ ಸಿಕ್ಕಿದ್ದರಲ್ಲಿ ಮಾರದೆ ಉಳಿದದ್ದು ಇದೊಂದೇ. ಅಣ್ಣನಿಗೆ ಕೆಮ್ಮು ಹೆಚ್ಚಾದ ದಿನಗಳಲ್ಲಿ ಆಕೆ ಗಂಜಿ ಕಾಸಿ ಕೊಡುತ್ತಿದ್ದಳು. ಹೊರಡುವ ದಿನ ಈ ಕಲ್ಲನ್ನು ಅವನ ಕೈಯಲ್ಲಿಟ್ಟು, “ಎಂಡಲೋ ಪಚ್ಚ, ದೀಪಂ ದಗ್ಗರ ಎರ್ರ,” ಎಂದಳಂತೆ. ಬಿಸಿಲಲ್ಲಿ ಹಸಿರು, ದೀಪದ ಹತ್ತಿರ ಕೆಂಪು. ಆಕೆಗೆ ಅಣ್ಣನ ಕಣ್ಣಿನ ವಿಷಯ ಗೊತ್ತಿರಲಿಲ್ಲ. ಅಣ್ಣ ಹೇಳಲೂ ಇಲ್ಲ. ಹೌದು ಹೌದು ಎಂದು ತಲೆಯಾಡಿಸಿ ತಂದ.

ನೋಡಲು ಅದು ಏನೂ ಛಂದ ಇರಲಿಲ್ಲ. ದೊಡ್ಡ ಅಡಿಕೆಯಷ್ಟು ಗಾತ್ರ, ಚಪ್ಪಟೆ. ಆರು ಮೂಲೆ ಇದ್ದಂತೆ ಕಾಣುತ್ತಿತ್ತು, ಎರಡು ಮೂಲೆ ಒಡೆದಿದ್ದವು. ಮೈಮೇಲೆ ಬೂದುಬಣ್ಣದ ಕಲ್ಲಿನ ಹೊರಪದರ, ಅದರಲ್ಲಿ ಅಲ್ಲಲ್ಲಿ ಕಾಗೆಬಂಗಾರ ಮಿನುಗುತ್ತಿತ್ತು. ಒಂದು ಕಡೆ ಮಾತ್ರ ಒಡೆದ ಮೈ ತೆರೆದು ಒಳಗಿನ ಬಣ್ಣ ಕಾಣುತ್ತಿತ್ತು, ಹೆಸರುಕಾಳಿನ ಸಿಪ್ಪೆಯ ಹಸಿರು.

ವೈನಿ ಅಂದರೆ ಅಣ್ಣನ ಹೆಂಡತಿ ಸಂಜೆ ಅದನ್ನು ಮನೆಯ ಬಲ್ಬಿನ ಕೆಳಗೆ ತಿರುಗಿಸಿ ಮುರುಗಿಸಿ ನೋಡಿ, “ಹಸರ ಇದ್ದದ್ದು ಹಸರ ಅದ. ಆ ಮುದುಕಿ ನಿಮ್ಮನ್ನ ಛಲೋ ಮಳ್ಳ ಮಾಡ್ಯಾಳ ನೋಡ್ರಿ,” ಅಂದಳು. ಮಕ್ಕಳೂ ನಕ್ಕವು. ಜೇವರ್ಗಿಯಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರನೊಬ್ಬ ಅಂಗಡಿಯ ಬೆಳ್ಳನೆಯ ದೀಪದ ಕೆಳಗೆ ಹಿಡಿದು ನೋಡಿ, ಇದು ಬರೇ ಹೊಳಿ ಕಲ್ಲು ಎಂದು ವಾಪಸ್ ಕೊಟ್ಟ.

ಅಣ್ಣ ನನಗೆ ಫೋನ್ ಮಾಡಿದ.

ಆಗಿನ ನನ್ನ ಸ್ಥಿತಿ ಹೇಳಬೇಕು. ನಾನು ಅಫಜಲಪುರದಲ್ಲಿ ಇರುವವಳು, ಪ್ರಾಥಮಿಕ ಶಾಲೆಯ ಟೀಚರು. ಗಂಡ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಅತ್ತೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಬೆಳಿಗ್ಗೆ ಅವರನ್ನು ತೊಳೆದು, ಮಗ್ಗಲು ಬದಲಿಸಿ, ಉಣಿಸಿ ಶಾಲೆಗೆ ಓಡುತ್ತಿದ್ದೆ. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಒಮ್ಮೆ ಮನೆಗೆ ಬಂದು ಮತ್ತೆ ಮಗ್ಗಲು ಬದಲಿಸಿ ಹೋಗುತ್ತಿದ್ದೆ. ಸಂಜೆಯಾದರೆ ಸೊಂಟ ನನ್ನದಲ್ಲ ಅನ್ನಿಸುತ್ತಿತ್ತು. ಅದೇ ಹೊತ್ತಿಗೆ ಅಣ್ಣನ ವಿಡಿಯೋ ಕಾಲ್ ಬರುತ್ತಿತ್ತು. ಈ ಅಂಗಿಗೆ ಈ ಪ್ಯಾಂಟ್ ನಡೀತದೇನು, ಈ ಬಾಳೆಹಣ್ಣು ಕಾಯಿಯೋ ಹಣ್ಣೋ. ಎಷ್ಟೋ ಸಲ ನಾನು ಸರಿಯಾಗಿ ನೋಡದೆಯೇ “ಹೂಂ, ಛಲೋ ಅದ” ಎಂದಿದ್ದೇನೆ. ಇದನ್ನು ಈಗ ಬರೆಯುತ್ತಿದ್ದೇನೆ, ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಕಲ್ಲು ಹಿಡಿದುಕೊಂಡು ಅವನು ಅಫಜಲಪುರಕ್ಕೇ ಬಂದ. ಚಹಾ ಕುಡಿಯುವ ಮೊದಲೇ ಜೇಬಿನಿಂದ ಅದನ್ನು ತೆಗೆದ. ಬಾಗಿಲಲ್ಲಿ ಬಿಸಿಲಿಗೆ ಹಿಡಿದು ತೋರಿಸಿದ, ಹಸಿರು ಅಂದೆ. ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಗೆ ಬಂದು ಎಲ್ಇಡಿ ಬಲ್ಬಿನ ಕೆಳಗೆ ಹಿಡಿದ. ನಾನು ಅತ್ತೆಯ ಹಾಸಿಗೆ ಬಟ್ಟೆ ತೊಳೆದು ಆಗಷ್ಟೇ ಎದ್ದಿದ್ದೆ, ರೊಟ್ಟಿಗೆ ಹಿಟ್ಟು ನಾದಬೇಕಿತ್ತು.

“ಈಗ ನೋಡು. ಕೆಂಪ ಆತೇನು?”

ಆಗಿರಲಿಲ್ಲ. ಹಾಗೆಂದರೆ ಅವನು ಇನ್ನೂ ಹತ್ತು ಸಲ ಹಿಡಿಯುತ್ತಾನೆ, ಹೀಗೆ ನೋಡು ಹಾಗೆ ನೋಡು ಅನ್ನುತ್ತಾನೆ ಎಂದು ನನಗೆ ಗೊತ್ತಿತ್ತು.

“ಹೂಂ ಅಣ್ಣಾ, ಕೆಂಪ ಆಗ್ಯದ,” ಅಂದೆ.

“ಖರೇ?”

“ಖರೇ.”

ಅವನ ಮುಖ ಅರಳಿತು. ಆ ಅರಳಿದ್ದನ್ನು ನೋಡಿ ನಾನು ಹಿಟ್ಟು ನಾದಲು ಕೂತೆ.

ಆಮೇಲೆ ಎರಡು ವರ್ಷ ಅವನು ಆ ಕಲ್ಲನ್ನು ಬಿಡಲಿಲ್ಲ. ತಂಗಿ ಕೆಂಪು ಅಂದಳು, ಉಳಿದವರೆಲ್ಲ ಹಸಿರು ಅಂದರು. ಕಲಬುರಗಿಯ ಸರಾಫ ಬಜಾರಿಗೆ ಹೋದ, ಅಲ್ಲಿಯೂ ನಕ್ಕರು. ಪಂಕ್ಚರ್ ಹಾಕಿಸಲು ನಿಂತ ಲಾರಿ ಡ್ರೈವರುಗಳಿಗೆ ತೋರಿಸಿದ. ಅವನು ಏದುಸಿರು ಬಿಡುತ್ತ ಬಸ್ ಹತ್ತಿ ಇಳಿಯುವುದು ನನಗೆ ಗೊತ್ತಿತ್ತು. ಆದರೂ ನಿಜ ಹೇಳಲು ಬಾಯಿ ಬರಲಿಲ್ಲ. ನಮ್ಮ ಶಾಲೆಯ ಒಬ್ಬ ಟೀಚರ ಮುಂದೆ ಹೇಗೋ ಈ ಮಾತು ಬಂತು. ಆಕೆಯ ತವರು ಆಳಂದ ತಾಲೂಕಿನ ಮಾದನಹಿಪ್ಪರಗಾ. “ನಮ್ಮ ಕಾಕಾ ಕಾಲೇಜಿನಾಗ ಭೂಗರ್ಭಶಾಸ್ತ್ರ ಕಲಸ್ತಿದ್ರು. ರಿಟೈರ್ ಆಗಿ ಊರಾಗೇ ಇರ್ತಾರ. ಮನಿ ತುಂಬ ಕಲ್ಲೇ. ಒಮ್ಮೆ ಹೋಗಿ ಕೇಳ್ರಿ, ನಿಮ್ಮ ಅಣ್ಣಾವರ ಹುಚ್ಚಾದ್ರೂ ಬಿಡ್ತದ,” ಅಂದಳು.

ಒಂದು ರವಿವಾರ ಅತ್ತೆಯನ್ನು ನಾದಿನಿಗೆ ಒಪ್ಪಿಸಿ ಅಣ್ಣನ ಜೊತೆ ಹೊರಟೆ. ಅವನು ಹಿಂದಿನ ದಿನವೇ ಬಂದು ನಮ್ಮಲ್ಲಿ ಮಲಗಿದ್ದ. ಅಫಜಲಪುರದಿಂದ ಆಳಂದ, ಅಲ್ಲಿಂದ ಮಾದನಹಿಪ್ಪರಗಾದ ಬಸ್. ಕೂಡಲು ಜಾಗ ಸಿಕ್ಕಿದ್ದು ಅರ್ಧ ದಾರಿ ಮುಗಿದ ಮೇಲೆ. ಇವತ್ತು ಇದು ಬರೇ ಕಲ್ಲು ಎಂದು ಆ ಮನುಷ್ಯ ಹೇಳಿಬಿಡಲಿ, ನನ್ನ ಸುಳ್ಳೂ ಅದರ ಜೊತೆ ಮುಗಿಯಲಿ ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಮಾಸ್ತರರು ಎಪ್ಪತ್ತು ದಾಟಿದವರು, ಒಂದು ಕಾಲು ಎಳೆದು ನಡೆಯುತ್ತಿದ್ದರು. “ಬರ್ರಿ, ಬರ್ರಿ. ಜರಾ ನೋಡಿ ಕೂಡ್ರಿ, ಕುರ್ಚಿ ಮ್ಯಾಲೂ ಕಲ್ಲು ಇರ್ತಾವ,” ಎಂದು ಒಂದು ಕುರ್ಚಿಯ ಮೇಲಿನ ಡಬ್ಬಿ ಎತ್ತಿಟ್ಟರು. ಕಲ್ಲನ್ನು ಇಸಿದುಕೊಂಡು ಅಂಗಳಕ್ಕೆ ಹೋಗಿ ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಎಲ್ಲಿಂದ ಬಂತು, ಯಾರು ಕೊಟ್ಟರು ಎಂದು ಕೇಳಿದರು. ಅಣ್ಣ ಎಲ್ಲ ಹೇಳಿದ. ಆಕೆಯ ತೆಲುಗು ಮಾತನ್ನೂ ಹೇಳಿದ.

“ಮನ್ಯಾಗ ಯಾವ ಲೈಟ್ ಹಾಕಿ ನೋಡೀರಿ?”

“ಅದೇ ಸರ್, ಈಗಿನ ಬೆಳ್ಳನ್ನ ಬಲ್ಬ್.”

“ಅದ್ರಾಗ ಹ್ಯಾಂಗ ಆಗ್ತದ? ಅದು ಹಗಲಿನಂಥಾ ಬೆಳಕು. ಆ ಮುದುಕಿ ದೀಪ ಅಂದಾಳ, ಎಲ್ಇಡಿ ಅಂದಿಲ್ಲ.”

ಒಳಗೆ ಹೋಗಿ ಕಿಟಕಿ ಬಾಗಿಲು ಮುಚ್ಚಿದರು. ಮೇಜಿನ ಮೇಲೆ ತಂತಿ ಉರಿಯುವ ಹಳೆಯ ಗುಂಡು ಬಲ್ಬೊಂದು ಇತ್ತು. ಹಚ್ಚಿದರೆ ಹಳದಿ ಬೆಳಕು ಬಿತ್ತು. ಕಲ್ಲಿನ ಒಡೆದ ಮೈಯನ್ನು ಅದಕ್ಕೆ ಹತ್ತಿರ ಹಿಡಿದರು.

ಬೀಟ್ರೂಟ್ ಕುದಿಸಿದ ನೀರು ಇರುತ್ತದಲ್ಲ, ಆ ಬಣ್ಣ. ಈಗಷ್ಟೇ ಅಂಗಳದಲ್ಲಿ ಹಸಿರಾಗಿದ್ದ ಅದೇ ಕಲ್ಲು, ಅದೇ ಒಡಕು, ಅದೇ ಕಾಗೆಬಂಗಾರದ ಚುಕ್ಕಿ. ಒಳಗೆ ಮಾತ್ರ ಕೆಂಪು ತುಂಬಿಕೊಂಡಿತ್ತು.

“ಯವ್ವಾ!” ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಅಣ್ಣ ಕಲ್ಲಿನ ಕಡೆ ನೋಡಲೇ ಇಲ್ಲ. ನನ್ನ ಮುಖ ನೋಡುತ್ತಿದ್ದ, ಯಾವಾಗಲೂ ನೋಡುವಂತೆ.

“ಮೊದಲನೇ ಸಲ ನೋಡಿದಂಗ ಮಾಡಾಕತ್ತಿ,” ಅಂದ.

ನಾನು ಕಲ್ಲಿನಿಂದ ಕಣ್ಣು ತೆಗೆದೆ.

“ಅವತ್ತು ನಿಮ್ಮನ್ಯಾಗ ಕೆಂಪ ಆಗ್ಯದ ಅಂದಿದ್ದೆಲ್ಲ?”

“ಆಗಿರಲಿಲ್ಲ ಅಣ್ಣಾ. ಸುಳ್ಳು ಹೇಳ್ದೆ. ಭಾಳ ಹೈರಾಣ ಆಗಿದ್ದೆ ಅವತ್ತು. ಹೂಂ ಅಂದ್ರ ಮುಗೀತದ ಅಂತ ಅಂದೆ.”

ಮಾಸ್ತರರಿಗೆ ಏನೂ ತಿಳಿಯಲಿಲ್ಲ. ನಮ್ಮಿಬ್ಬರ ಮುಖ ನೋಡಿ, “ಯಾಕ್ರಿ, ನಿಮಗ ಕೆಂಪ ಕಾಣವಲ್ದೇನು?” ಎಂದು ಅಣ್ಣನನ್ನು ಕೇಳಿದರು.

ಏನಾದರೂ ಹೇಳಿ ದಾಟಿಸಿಬಿಡುತ್ತಾನೆ ಅಂದುಕೊಂಡೆ. ಅಣ್ಣ ಕುರ್ಚಿಯ ಕೈ ಹಿಡಿದು ಒಮ್ಮೆ ಉಸಿರು ಎಳೆದುಕೊಂಡ.

“ಇಲ್ರಿ ಸರ್. ನನಗ ಕೆಂಪು ಹಸರು ಗುರ್ತು ಸಿಗಂಗಿಲ್ಲ. ಹುಟ್ಟಿದಾಗಿಂದ.”

ಐವತ್ತನಾಲ್ಕು ವರ್ಷದ ಮನುಷ್ಯ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಎರಡನೆಯ ಸಲ. ಮೊದಲನೆಯದು ಬಣವೆಯ ಹಿಂದೆ, ನನ್ನ ಹತ್ತಿರ. ಮಾಸ್ತರರು ಅಯ್ಯೋ ಅನ್ನಲಿಲ್ಲ. “ಅಷ್ಟೇನಾ? ನನ್ನ ಕೈಯಾಗ ಕಲಿತವ್ರಾಗೂ ಅಂಥವ್ರು ಇದ್ರು. ಕಲ್ಲಿನ ಗುರ್ತು ಹಿಡಿಯೂವಾಗ ಬಣ್ಣ ನಾವು ಕಡೀಗೆ ನೋಡ್ತೀವ್ರಿ,” ಎಂದು ಒಂದು ಬಿಳಿ ಬೆಣಚುಕಲ್ಲು ತಂದು ಅವನ ಮುಂದಿಟ್ಟರು. ಅಣ್ಣನ ಕಲ್ಲಿನ ಮೂಲೆಯಿಂದ ಅದರ ಮೇಲೆ ಗೀರಿ ನೋಡಿ ಎಂದರು. ಅಣ್ಣ ಒತ್ತಿ ಗೀರಿದ. ಬಟ್ಟೆಯಿಂದ ಒರೆಸಿ, ಉಗುರಿನಿಂದ ಮುಟ್ಟಿ ನೋಡಿದ. ಗೀರು ಬಿದ್ದಿತ್ತು. “ಬೆಣಚಿನ ಮ್ಯಾಲ ಗೀರು ಹಾಕೂ ಕಲ್ಲು ಭಾಳ ಇಲ್ಲ. ಗಾಜು ಆಗಿದ್ರ ಇದೇ ಸವೀತಿತ್ತು.” ಅಣ್ಣ ಮತ್ತೊಮ್ಮೆ ಗೀರಿದ, ಮತ್ತೊಮ್ಮೆ ಉಗುರಾಡಿಸಿದ.

ಕಲ್ಲಿನ ಹೆಸರು ಅಲೆಕ್ಸಾಂಡ್ರೈಟ್ ಎಂದು ಮಾಸ್ತರರು ಹೇಳಿದರು. ಸಿಗುವುದು ಅಪರೂಪ. ಬಿಸಿಲಿನಲ್ಲಿ ಹಸಿರು ಬೆಳಕು ಹೆಚ್ಚು, ಉರಿಯುವ ದೀಪದಲ್ಲಿ ಕೆಂಪು ಹೆಚ್ಚು. ಈ ಕಲ್ಲು ಎರಡನ್ನೂ ಬಿಟ್ಟುಕೊಡುವುದರಿಂದ ಯಾವುದು ಹೆಚ್ಚು ಬಿತ್ತೋ ಅದೇ ಆಗುತ್ತದೆ. ಆದರೆ ಇದರ ಮೈತುಂಬ ಸೀಳು. ಸಾಣೆ ಹಿಡಿದರೆ ಪುಡಿಯಾಗುತ್ತದೆ. ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ. “ಹಿಂಗೇ ಇಟ್ಕೋರಿ. ನೆಲದಾಗಿಂದ ಬಂದಂಗೇ ಇರ್ಲಿ,” ಅಂದರು. ಬೆಲೆಯ ಮಾತನ್ನು ಅಣ್ಣ ಕೇಳಿಸಿಕೊಂಡಂತೆಯೂ ಕಾಣಲಿಲ್ಲ.

ವಾಪಸ್ ಬರುವಾಗ ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕಾಯಬೇಕಾಯಿತು. ಕಲ್ಲಿನ ಬೆಂಚಿನ ಮೇಲೆ ಪಕ್ಕ ಪಕ್ಕ ಕೂತಿದ್ದೆವು. ಅವನು ಬೈದರೆ ಬೈಸಿಕೊಳ್ಳಲು ನಾನು ತಯಾರಿದ್ದೆ.

“ನಾ ರೊಕ್ಕದ ಸಲುವಾಗಿ ತಿರಗಲಿಲ್ಲ,” ಅಂದ ಕಡೆಗೆ. “ಆ ಮುದುಕಿ ನನಗ ಗಂಜಿ ಹಾಕಿದಾಕಿ. ಆಕಿ ಮಳ್ಳ ಮಾಡ್ಯಾಳ ಅಂತ ಎಲ್ಲಾರೂ ಅಂದ್ರು. ಹೌದೋ ಅಲ್ಲೋ ನಾನೇ ನೋಡಬೇಕಂದ್ರ ನನ್ನ ಹತ್ರ ಆ ಕಣ್ಣಿಲ್ಲ. ನೀ ಒಬ್ಬಾಕಿ ಹೌದಂದಿ. ನಿನ್ನ ಮಾತು ಹಿಡಕೊಂಡು ತಿರಗಿದೆ.”

“ತಪ್ಪಾತು ಅಣ್ಣಾ.”

“ಇನ್ನ ಮುಂದ ಬ್ಯಾಸರ ಬಂದಿದ್ರ ಬ್ಯಾಸರ ಬಂದದ ಅನ್ನು. ನಾ ಏನೂ ತಿಳಕೊಳಂಗಿಲ್ಲ.”

ಅಷ್ಟೇ ಅಂದದ್ದು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಅಳು ಎನ್ನುವುದಕ್ಕಿಂತ ಅದು ದಣಿವು. ಎಷ್ಟೋ ವರ್ಷದಿಂದ ಇಬ್ಬರ ಸಲುವಾಗಿ ನೋಡಿ ನೋಡಿ ನನ್ನ ಕಣ್ಣು ಸೋತಿತ್ತು, ಅದನ್ನು ಯಾರ ಮುಂದೆಯೂ ಹೇಳುವಂತಿರಲಿಲ್ಲ. ಅವತ್ತು ಬಸ್ಸಿನಲ್ಲಿ ಅವನ ಹೆಗಲಿಗೆ ತಲೆ ಕೊಟ್ಟು ಅಫಜಲಪುರ ಬರುವವರೆಗೆ ನಿದ್ದೆ ಮಾಡಿದೆ.

ಗಣಿಯ ಮೇಸ್ತ್ರಿಯ ನಂಬರು ಅಣ್ಣನ ಹತ್ತಿರ ಇತ್ತು. ಆ ಮುದುಕಿಗೆ ಕಲ್ಲು ಕೆಂಪಾಯಿತೆಂದು ಹೇಳಿ ಎಂದು ಫೋನ್ ಮಾಡಿದನಂತೆ. ಆಕೆ ಅಡುಗೆ ಕೆಲಸ ಬಿಟ್ಟು ಮಗಳ ಊರಿಗೆ ಹೋಗಿ ವರ್ಷವಾಯಿತು, ಯಾವ ಊರೋ ಗೊತ್ತಿಲ್ಲ ಎಂದು ಉತ್ತರ ಬಂತು.

ಮನೆ ಮುಟ್ಟಿದ ಮೇಲೆ ಅಣ್ಣ ವೈನಿಗೆ ಎಲ್ಲ ಹೇಳಿದ. ಒಮ್ಮೆ ಹೇಳಿದ್ದರಿಂದ ಮತ್ತೊಮ್ಮೆ ಹೇಳುವುದು ಹಗುರಾಯಿತೇನೋ. ವೈನಿ ಹಗುರಾಗಿ ತೆಗೆದುಕೊಳ್ಳಲಿಲ್ಲ. ಮರುದಿನ ನನಗೆ ಫೋನ್ ಬಂತು.

“ಇಪ್ಪತ್ನಾಕು ವರ್ಷ ಸಂಸಾರ ಮಾಡೇನಿ. ನನ್ನ ಗಂಡನ ಕಣ್ಣಿಂದು ನಿಮಗ ಗೊತ್ತಿತ್ತು, ನನಗ ಗೊತ್ತಿರಲಿಲ್ಲ. ಇಷ್ಟೇ ಹೇಳಬೇಕಂತ ಮಾಡಿದ್ದೆ,” ಎಂದು ಇಟ್ಟುಬಿಟ್ಟಳು.

ಅದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಯಾರಿಗೂ ಹೇಳಬ್ಯಾಡ ಅಂದಿದ್ದ, ನಾನು ಹೇಳಲಿಲ್ಲ ಎಂದು ನನಗೆ ನಾನೇ ಎಷ್ಟು ಸಲ ಅಂದುಕೊಂಡರೂ ಸಮಾಧಾನವಾಗಲಿಲ್ಲ. ಆರೇಳು ತಿಂಗಳು ಆಕೆ ಮಾತಾಡಲಿಲ್ಲ. ನಾನು ಫೋನ್ ಮಾಡಿದರೆ ಮಕ್ಕಳ ಕೈಗೆ ಕೊಡುತ್ತಿದ್ದಳು. ಅಣ್ಣನ ಸಂಜೆಯ ವಿಡಿಯೋ ಕಾಲ್ ಕೂಡ ನಿಂತಿತು. ಈಗ ಮನೆಯಲ್ಲೇ ಕೇಳುತ್ತಾನೆ ಎಂದು ಗೊತ್ತಾಯಿತು. ಮೊದಮೊದಲು ಹಾಯೆನ್ನಿಸಿತು. ಆಮೇಲಾಮೇಲೆ ಆ ಹೊತ್ತಿಗೆ ಫೋನಿನ ಕಡೆ ನೋಡುವ ಚಾಳಿ ಬಿಡಲು ಬಹಳ ದಿನ ಬೇಕಾಯಿತು.

ದೀಪಾವಳಿ ಕಳೆದು ಒಂದು ವಾರಕ್ಕೆ ವೈನಿ ಒಬ್ಬಳೇ ಅಫಜಲಪುರಕ್ಕೆ ಬಂದಳು. ಹೇಳದೆ ಕೇಳದೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಶೇಂಗಾ ಹೋಳಿಗೆಯ ಡಬ್ಬಿ ಕಟ್ಟೆಯ ಮೇಲಿಟ್ಟಳು. ನಾನು ಅತ್ತೆಯ ಮಗ್ಗಲು ಬದಲಿಸುತ್ತಿದ್ದೆ. ಒಳಗೆ ಬಂದು ಆ ಕಡೆಯಿಂದ ಹಿಡಿದಳು. ಹಾಸಿಗೆ ಬದಲಿಸಿದೆವು. ಅತ್ತೆಗೆ ಹಾಲು ಕುಡಿಸಿದೆವು. ನಾನು ಚಹಾಕ್ಕಿಡಲು ಹೋದರೆ, “ನೀವು ಕೂಡ್ರಿ, ನಾ ಮಾಡ್ತೇನಿ,” ಎಂದು ತಾನೇ ಮಾಡಿ ತಂದಳು.

ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಕೇಳಿದಳು.

“ಒಂದು ಮಾತು ಕೇಳ್ತೇನಿ, ಖರೇ ಹೇಳ್ರಿ. ಮದುವಿ ಆದ ಹೊಸದಾಗಿ ಒಂದಿನ ಇವರನ್ನ ಕೇಳಿದ್ದೆ, ನೋಡಾಕ ಬಂದ ದಿನ ನಾ ಯಾವ ಸೀರಿ ಉಟ್ಟಿದ್ದೆ ಅಂತ. ಗಿಳಿಹಸರು, ಕೆಂಪು ಅಂಚು ಅಂತ ಫಟ್ಟನ ಹೇಳಿದ್ರು. ಅದು ನನಗ ಇವತ್ತಿಗೂ ನೆನಪದ. ಅದನ್ನೂ ನೀವೇ ಹೇಳಿಕೊಟ್ಟಿದ್ದೇನ್ರಿ?”

ಇಲ್ಲ ಅನ್ನಬಹುದಿತ್ತು. ಬಾಯಿಗೂ ಬಂದಿತ್ತು.

“ಹೌದು ವೈನಿ, ನಾನೇ ಹೇಳಿದ್ದೆ,” ಅಂದೆ.

ವೈನಿ ನೆಲ ನೋಡುತ್ತ ಕೂತಳು.

“ಆದ್ರ ನಾನಾಗಿ ಹೇಳಲಿಲ್ಲ. ನಿಮ್ಮ ಮನಿಂದ ಬಂದು ಬಸ್ ಹತ್ತಿದ ಕೂಡ್ಲೇ ಅವನೇ ಕೇಳ್ದ. ಹೇಳ್ದೆ. ಊರು ಮುಟ್ಟೂತನಕ ಬಾಯಾಗ ಅದನ್ನೇ ಅನ್ಕೋತ ಕುಂತಿದ್ದ, ಸಾಲಿ ಹುಡುಗರು ಮಗ್ಗಿ ಅಂದಂಗ. ಮರೀಬಾರದು ಅಂತ.”

“ಬಾಯಿಪಾಠ ಮಾಡಿದ್ರಾ?”

“ಮಾಡ್ದ.”

“ನಾನು ಹೂಂ ಅನ್ನೂಕ್ಕಿಂತ ಮೊದಲು?”

“ನಿಮ್ಮ ಮನಿಯವ್ರು ಇನ್ನ ಏನೂ ತಿಳಿಸಿರಲಿಲ್ಲ.”

ಆಕೆಗೆ ನಗು ಬಂತೋ ಅಳು ಬಂತೋ ನನಗೆ ತಿಳಿಯಲಿಲ್ಲ. ಮೂಗು ಒರೆಸಿ, ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿ ತೊಳೆದಿಟ್ಟಳು. ಐದು ಗಂಟೆಯ ಬಸ್ಸಿಗೆ ಹೋಗುವವಳು ಅದನ್ನು ಬಿಟ್ಟು ಆರರ ಬಸ್ಸಿಗೆ ಹೋದಳು. ಆ ಒಂದು ತಾಸು ನನ್ನ ಹೊಸಿಲ ಮೇಲೆ ಕೂತು, ಅವನು ನನ್ನನ್ನು ಕೇಳುತ್ತಿದ್ದುದೆಲ್ಲವನ್ನೂ ಒಂದೊಂದಾಗಿ ಹೇಳಿಸಿಕೊಂಡಳು. ನೆನಪಿದ್ದಷ್ಟು ಹೇಳಿದೆ, ನೆನಪಿಲ್ಲದ್ದನ್ನು ನೆನಪಿಲ್ಲ ಅಂದೆ.